ಒಂದು ಡಿಸ್ಕ್, ಹಲವು ಹೈಪರ್‌ವೈಸರ್: ಡಿಸ್ಕ್ ಇಮೇಜ್ ಫಾರ್ಮ್ಯಾಟ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ರೂಪಿಸಿದ ಇನ್ನೊಂದು ಕಂಪ್ಯೂಟರೇ ವರ್ಚುವಲ್ ಮಷೀನ್, ಅಂಥವನ್ನು ನಡೆಸುವ ತಂತ್ರಾಂಶ ಹೈಪರ್‌ವೈಸರ್. ವರ್ಚುವಲ್ ಮಷೀನನ್ನು ವಿಎಂವೇರ್‌ನಿಂದ ಕೆವಿಎಂಗೆ, ವರ್ಚುವಲ್‌ಬಾಕ್ಸ್‌ನಿಂದ ಹೈಪರ್-ವಿಗೆ ಅಥವಾ ಕಚೇರಿಯ ಸರ್ವರ್‌ನಿಂದ ಕ್ಲೌಡ್‌ಗೆ ಸಾಗಿಸಬೇಕಾದವರಿಗೂ, ಒಂದೇ ಇಮೇಜನ್ನು ಬೇರೆ ಬೇರೆ ಹೈಪರ್‌ವೈಸರ್ ಬಳಸುವವರಿಗೆ ಸಿದ್ಧಪಡಿಸಿ ಕೊಡಬೇಕಾದವರಿಗೂ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿಯು ವಿಎಂವೇರ್ ಅನ್ನು ಕೊಂಡು, ಮರುತಿಂಗಳೇ ಶಾಶ್ವತ ಲೈಸೆನ್ಸ್‌ಗಳ ಮಾರಾಟವನ್ನು ನಿಲ್ಲಿಸಿದ ಮೇಲೆ ಈ ಪ್ರಶ್ನೆಗಳನ್ನು ಕೇಳುವವರು ಹೆಚ್ಚಾಗಿದ್ದಾರೆ. ಆಜ್ಞೆಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಎಂದಿನಂತೆ ರೋಮನ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು.

ಡಿಸ್ಕ್ ಇಮೇಜ್ ಎಂದರೆ ಏನು? ಅದರೊಳಗೆ ಇಡೀ ವರ್ಚುವಲ್ ಮಷೀನ್ ಇರುತ್ತದೆಯೇ?

ಇರುವುದಿಲ್ಲ. ಗೆಸ್ಟ್, ಎಂದರೆ ವರ್ಚುವಲ್ ಮಷೀನಿನೊಳಗಿನ ಆಪರೇಟಿಂಗ್ ಸಿಸ್ಟಂ, ತನ್ನ ಹಾರ್ಡ್ ಡಿಸ್ಕ್ ಎಂದು ತಿಳಿದು ಓದಿ ಬರೆಯುವ ಸೆಕ್ಟರ್‌ಗಳನ್ನು ಹೋಸ್ಟ್, ಎಂದರೆ ಅದನ್ನು ನಡೆಸುವ ನಿಜವಾದ ಯಂತ್ರ, ಒಂದು ಫೈಲ್‌ನಲ್ಲಿ ಇಟ್ಟುಕೊಂಡಿರುತ್ತದೆ. ಡಿಸ್ಕ್ ಇಮೇಜ್ ಎಂದರೆ ಆ ಫೈಲ್. ಮಷೀನಿಗೆ ಎಷ್ಟು ಸಿಪಿಯು, ಎಷ್ಟು ಮೆಮೊರಿ, ಬೂಟ್ ಆಗುವುದು ಬಯೋಸ್‌ನಿಂದಲೋ ಯುಇಎಫ್‌ಐನಿಂದಲೋ, ಡಿಸ್ಕ್ ಯಾವ ಕಂಟ್ರೋಲರ್‌ಗೆ ಜೋಡಣೆಯಾಗಿದೆ, ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸವೇನು ಎಂಬ ವಿವರಗಳೆಲ್ಲ ಬೇರೆ ಫೈಲ್‌ಗಳಲ್ಲಿರುತ್ತವೆ: ವಿಎಂವೇರ್‌ನಲ್ಲಿ ವಿಎಂಎಕ್ಸ್ ಫೈಲ್, ಕೆವಿಎಂ ಮಷೀನ್‌ಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನಲ್ಲಿ ಎಕ್ಸ್‌ಎಂಎಲ್, ವರ್ಚುವಲ್‌ಬಾಕ್ಸ್‌ನಲ್ಲಿ ವಿಬಾಕ್ಸ್ ಫೈಲ್. ಆದ್ದರಿಂದ ಡಿಸ್ಕಿನ ಫಾರ್ಮ್ಯಾಟ್ ಬದಲಾಯಿಸುವುದು ಒಂದು ಕೆಲಸ, ಮಷೀನನ್ನು ಸ್ಥಳಾಂತರಿಸುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಒಂದು ಆಜ್ಞೆ ಸಾಕು. ಹೆಚ್ಚಿನ ತೊಂದರೆಗಳೆಲ್ಲ ಬರುವುದು ಎರಡನೆಯದರಲ್ಲಿ.

ಇಷ್ಟೊಂದು ಫಾರ್ಮ್ಯಾಟ್‌ಗಳು ಏಕಿವೆ?

ಒಂದೊಂದು ಹೈಪರ್‌ವೈಸರ್ ಬೆಳೆದ ದಾರಿಯೇ ಬೇರೆ. ವಿಎಂಡಿಕೆ ವಿಎಂವೇರ್‌ನ ಸ್ವಂತ ಫಾರ್ಮ್ಯಾಟ್. ವಿಎಚ್‌ಡಿ ಹುಟ್ಟಿದ್ದು ಕನೆಕ್ಟಿಕ್ಸ್ ಕಂಪನಿಯ ವರ್ಚುವಲ್ ಪಿಸಿಯಲ್ಲಿ. 2003ರಲ್ಲಿ ಅದು ಮೈಕ್ರೋಸಾಫ್ಟ್ ಕೈಸೇರಿತು. ಅದರ ಮಿತಿಗಳು ಅಡ್ಡಿಯಾಗತೊಡಗಿದಾಗ ವಿಂಡೋಸ್ ಸರ್ವರ್ 2012ರ ಜೊತೆಗೆ ವಿಎಚ್‌ಡಿಎಕ್ಸ್ ಬಂತು. ವಿಡಿಐ ಎಂಬುದು ಇನ್ನೊಟೆಕ್ ಕಂಪನಿ ರೂಪಿಸಿದ ವರ್ಚುವಲ್‌ಬಾಕ್ಸ್‌ನ ಫಾರ್ಮ್ಯಾಟ್. ಆ ಕಂಪನಿಯನ್ನು 2008ರಲ್ಲಿ ಸನ್ ಕೊಂಡಿತು, 2010ರಲ್ಲಿ ಸನ್ ಒರಾಕಲ್ ಪಾಲಾಯಿತು. ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದ ಕ್ಯೂಎಮು ಎಂಬ ಯಂತ್ರಾನುಕರಣ ತಂತ್ರಾಂಶ ತನ್ನದೇ ಆದ ಕ್ಯೂಕೌ ಎಂಬುದನ್ನು ರೂಪಿಸಿಕೊಂಡಿತು, ಅದು ಮುಂದೆ ಕ್ಯೂಕೌ2 ಆಯಿತು. 2007ರಲ್ಲಿ ಲಿನಕ್ಸ್ ಕರ್ನೆಲ್ 2.6.20ರೊಳಗೆ ಕ್ಯೂಎಮು ಜೊತೆಗೂಡಿ ನಡೆಯುವ ಕೆವಿಎಂ ಸೇರಿಕೊಂಡಾಗ ಅದರ ಜೊತೆಯಲ್ಲಿ ಕ್ಯೂಕೌ2 ಕೂಡ ಸರ್ವರ್‌ಗಳಿಗೆ ಹಬ್ಬಿತು.

ಈ ಭೇದಗಳಿಗೆ ಕಂಪನಿಗಳ ನಡುವಿನ ಸ್ಪರ್ಧೆಯೊಂದೇ ಕಾರಣವಲ್ಲ. ಸ್ನ್ಯಾಪ್‌ಶಾಟ್ (ಡಿಸ್ಕಿನ ಒಂದು ಕ್ಷಣದ ಸ್ಥಿತಿಯನ್ನು ಉಳಿಸಿಡುವುದು) ಹೇಗಿರಬೇಕು, ಬರೆಯುವಾಗಲೇ ಕರೆಂಟ್ ಹೋದರೆ ಡಿಸ್ಕಿನ ಯಾವ ಭಾಗ ಫೈಲ್‌ನಲ್ಲಿ ಎಲ್ಲಿದೆ ಎಂಬ ನಕ್ಷೆ ಕೆಡದಂತೆ ಏನು ಮಾಡಬೇಕು, ಡಿಸ್ಕ್ ಎಷ್ಟು ದೊಡ್ಡದಾಗಬಹುದು ಎಂಬ ಪ್ರಶ್ನೆಗಳಿಗೆ ಒಂದೊಂದು ಫಾರ್ಮ್ಯಾಟ್ ಒಂದೊಂದು ಉತ್ತರ ಕೊಟ್ಟಿದೆ. ವಿಎಚ್‌ಡಿಗೆ ಸುಮಾರು 2 ಟಿಬಿಯ ಮಿತಿಯಿದೆ. ವಿಎಚ್‌ಡಿಎಕ್ಸ್ 64 ಟಿಬಿವರೆಗೆ ಹೋಗುತ್ತದೆ, ಮೇಲಾಗಿ ಮೆಟಾಡೇಟಾ ಬದಲಾವಣೆಗಳನ್ನು ಮೊದಲು ಒಂದು ಲಾಗ್‌ನಲ್ಲಿ ಬರೆದುಕೊಳ್ಳುವುದರಿಂದ ವಿದ್ಯುತ್ ಕಡಿತವನ್ನು ಹೆಚ್ಚು ಚೆನ್ನಾಗಿ ತಾಳಿಕೊಳ್ಳುತ್ತದೆ.

ಯಾವ ಹೈಪರ್‌ವೈಸರ್ ಯಾವುದನ್ನು ಒಪ್ಪುತ್ತದೆ?

ವಿಎಂವೇರ್‌ನ ಸರ್ವರ್ ಹೈಪರ್‌ವೈಸರ್ ಆದ ಇಎಸ್‌ಎಕ್ಸ್‌ಐ ಚಲಾಯಿಸುವುದು ವಿಎಂಡಿಕೆಯನ್ನು ಮಾತ್ರ, ಅದೂ ತನಗೆ ಬೇಕಾದ ಉಪಮಾದರಿಯಲ್ಲಿದ್ದರೆ. ಹೈಪರ್-ವಿ ವಿಎಚ್‌ಡಿ ಮತ್ತು ವಿಎಚ್‌ಡಿಎಕ್ಸ್ ಎರಡನ್ನೂ ಒಪ್ಪುತ್ತದೆಯಾದರೂ ಅದರ ಎರಡನೇ ಪೀಳಿಗೆಯ ಮಷೀನ್‌ಗಳಿಗೆ ವಿಎಚ್‌ಡಿಎಕ್ಸ್ ಬೇಕೇ ಬೇಕು. ವರ್ಚುವಲ್‌ಬಾಕ್ಸ್‌ನಲ್ಲಿ ವಿಡಿಐ, ವಿಎಂಡಿಕೆ, ವಿಎಚ್‌ಡಿ ಮೂರೂ ನಡೆಯುತ್ತವೆ. ಫ್ರೀಬಿಎಸ್‌ಡಿಯ ಬಿಹೈವ್‌ಗೆ ರಾ ಇಮೇಜ್, ಎಂದರೆ ಡಿಸ್ಕಿನ ಸೆಕ್ಟರ್‌ಗಳನ್ನು ಇದ್ದಂತೆಯೇ ಇಟ್ಟ ಫೈಲ್ ಕೊಡಬೇಕು. ಕ್ಸೆನ್‌ಸರ್ವರ್ ಮತ್ತು ಎಕ್ಸ್‌ಸಿಪಿ-ಎನ್‌ಜಿ ಬಹುಕಾಲ ವಿಎಚ್‌ಡಿಯನ್ನೇ ನೆಚ್ಚಿಕೊಂಡಿದ್ದವು. ಅಲ್ಲಿ ಡಿಸ್ಕ್ 2 ಟಿಬಿ ದಾಟದೆ ಇದ್ದುದಕ್ಕೆ ಇದೇ ಕಾರಣ.

ಕ್ಯೂಎಮು ಇವೆಲ್ಲವನ್ನೂ ಓದಬಲ್ಲದು. ಆದರೆ ಓದಬಲ್ಲದು ಎಂದ ಮಾತ್ರಕ್ಕೆ ಆ ಫೈಲ್‌ನ ಮೇಲೆಯೇ ದಿನನಿತ್ಯ ಮಷೀನ್ ನಡೆಸಬಹುದು ಎಂದಲ್ಲ. ಕೆವಿಎಂನಲ್ಲಿ ನಡೆಸಲು ರಾ ಅಥವಾ ಕ್ಯೂಕೌ2 ಇಟ್ಟುಕೊಳ್ಳಿ. ಉಳಿದ ಫಾರ್ಮ್ಯಾಟ್‌ಗಳ ಬೆಂಬಲವನ್ನು ಪರಿವರ್ತನೆಗಾಗಿ ಇರುವ ಬಾಗಿಲು ಎಂದು ಭಾವಿಸುವುದು ಕ್ಷೇಮ. ಕೆವಿಎಂ ಬಳಸುವ ಪ್ರಾಕ್ಸ್‌ಮಾಕ್ಸ್‌ಗೂ ಇದು ಅನ್ವಯಿಸುತ್ತದೆ. ಅಲ್ಲಿ ಸ್ಟೋರೇಜ್ ಝಡ್‌ಎಫ್‌ಎಸ್, ಎಲ್‌ವಿಎಂ-ಥಿನ್ ಅಥವಾ ಸೆಫ್ ಆಗಿದ್ದರೆ ಸ್ನ್ಯಾಪ್‌ಶಾಟ್‌ಗಳನ್ನು ಸ್ಟೋರೇಜೇ ನೋಡಿಕೊಳ್ಳುವುದರಿಂದ ಡಿಸ್ಕ್ ರಾ ರೂಪದಲ್ಲಿಯೇ ಇರುತ್ತದೆ.

ರಾ ಒಳ್ಳೆಯದೋ, ಕ್ಯೂಕೌ2 ಒಳ್ಳೆಯದೋ?

ಇದಕ್ಕೆ ಉತ್ತರ ಹೇಳಲು ಕ್ಯೂಕೌ2 ಒಳಗೆ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು. ರಾ ಇಮೇಜಿನಲ್ಲಿ ಗೆಸ್ಟ್ ಕೇಳಿದ ಸೆಕ್ಟರ್ ಎಲ್ಲಿದೆ ಎಂಬುದಕ್ಕೆ ಹುಡುಕಾಟವೇ ಇಲ್ಲ: ಡಿಸ್ಕಿನ ಹತ್ತನೇ ಜಿಬಿ ಫೈಲ್‌ನ ಹತ್ತನೇ ಜಿಬಿಯಲ್ಲಿಯೇ ಇರುತ್ತದೆ. ಕ್ಯೂಕೌ2 ಹಾಗಲ್ಲ. ಅದು ಡಿಸ್ಕನ್ನು 64 ಕೆಬಿಯ ಕ್ಲಸ್ಟರ್‌ಗಳಾಗಿ ಒಡೆದು, ಯಾವ ಕ್ಲಸ್ಟರ್ ಫೈಲ್‌ನ ಎಲ್ಲಿ ಕೂತಿದೆ ಎಂಬುದನ್ನು ಎರಡು ಹಂತದ ಕೋಷ್ಟಕಗಳಲ್ಲಿ ಬರೆದಿಡುತ್ತದೆ. ಎರಡನೇ ಹಂತದ ಒಂದು ಕೋಷ್ಟಕವೂ 64 ಕೆಬಿಯೇ. ಒಂದೊಂದು ನಮೂದಿಗೆ 8 ಬೈಟ್‌ನಂತೆ ಅದರಲ್ಲಿ 8192 ನಮೂದುಗಳಿರುತ್ತವೆ. ಹೀಗಾಗಿ ಒಂದು ಕೋಷ್ಟಕ 512 ಎಂಬಿ ಡಿಸ್ಕಿನ ಲೆಕ್ಕ ಇಡುತ್ತದೆ, 40 ಜಿಬಿ ಡಿಸ್ಕಿಗೆ 80 ಕೋಷ್ಟಕಗಳು ಬೇಕು, ಅವೆಲ್ಲ ಸೇರಿ 5 ಎಂಬಿ. ಅಷ್ಟೂ ಮೆಮೊರಿಯಲ್ಲಿ ಇದ್ದರೆ ರಾ ಇಮೇಜಿಗೂ ಇದಕ್ಕೂ ವೇಗದಲ್ಲಿ ಹೆಚ್ಚು ಅಂತರ ಕಾಣಿಸದು. ಇರದಿದ್ದರೆ ಗೆಸ್ಟ್ ಮಾಡುವ ಒಂದು ಓದಿಗೆ ಹೋಸ್ಟ್ ಎರಡು ಬಾರಿ ಓದಬೇಕಾಗುತ್ತದೆ.

ಲಿನಕ್ಸ್‌ನಲ್ಲಿ ಕ್ಯೂಎಮು 3.1ರಿಂದ ಈ ಕೋಷ್ಟಕಗಳಿಗೆ 32 ಎಂಬಿವರೆಗೆ ಮೆಮೊರಿ ಸಿಗುತ್ತದೆ. ಮೇಲಿನ ಲೆಕ್ಕದಂತೆ ಅದು 256 ಜಿಬಿ ಡಿಸ್ಕಿಗೆ ಸಾಕು. ಒಂದು ಟಿಬಿಯ ಡೇಟಾಬೇಸ್ ಡಿಸ್ಕಿಗೆ 128 ಎಂಬಿ ಬೇಕಾಗುವುದರಿಂದ ಕ್ಯಾಶ್ ಅನ್ನು ಹೆಚ್ಚಿಸಬೇಕು, ಇಲ್ಲವೇ ಕ್ಲಸ್ಟರ್ ಗಾತ್ರವನ್ನು ದೊಡ್ಡದು ಮಾಡಬೇಕು. ಕ್ಲಸ್ಟರ್ 2 ಎಂಬಿವರೆಗೂ ಇರಬಹುದು. ಕ್ಯೂಕೌ2 ನಿಧಾನ ಎಂಬ ದೂರನ್ನು ಕೇಳಿದಾಗಲೆಲ್ಲ ನಾನು ಮೊದಲು ನೋಡುವುದು ಡಿಸ್ಕಿನ ಗಾತ್ರ ಮತ್ತು ಈ ಕ್ಯಾಶ್ ಎರಡನ್ನೇ.

ಸ್ನ್ಯಾಪ್‌ಶಾಟ್, ಮೂಲ ಇಮೇಜಿನ ಮೇಲೆ ಬದಲಾವಣೆಗಳನ್ನು ಮಾತ್ರ ಹಿಡಿದಿಡುವ ತೆಳುವಾದ ಪದರ, ಸಂಕೋಚನ, ಎನ್‌ಕ್ರಿಪ್ಷನ್ ಇವುಗಳಲ್ಲಿ ಯಾವುದಾದರೂ ಬೇಕಿದ್ದು, ಕೆಳಗಿನ ಸ್ಟೋರೇಜ್ ಅದನ್ನು ಕೊಡದಿದ್ದರೆ ಕ್ಯೂಕೌ2 ಆರಿಸಿ. ಸ್ಟೋರೇಜೇ ಅದನ್ನು ಕೊಡುವುದಾದರೆ ಎರಡು ಪದರ ಬೇಡ, ರಾ ಸಾಕು.

ಇಮೇಜನ್ನು ನಾಲ್ಕಾರು ಹೈಪರ್‌ವೈಸರ್‌ಗಳಿಗೆ ಕೊಡಬೇಕು. ಎಲ್ಲ ಫಾರ್ಮ್ಯಾಟ್‌ಗಳನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಬೇಕೇ?

ಬೇಡ. ಒಂದೇ ಮಾಸ್ಟರ್ ಇಮೇಜ್ ಇಟ್ಟುಕೊಳ್ಳಿ, ಉಳಿದವನ್ನೆಲ್ಲ ಅದರಿಂದಲೇ ಹುಟ್ಟಿಸಿ. ಈ ಪುಟದಿಂದ ಒಂದೇ ಸಲಹೆಯನ್ನು ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ. ವಿಎಂಡಿಕೆಯನ್ನು ವಿಎಚ್‌ಡಿ ಮಾಡಿ, ಆ ವಿಎಚ್‌ಡಿಯನ್ನು ಮತ್ತೆ ಕ್ಯೂಕೌ2 ಮಾಡಿ, ಅದನ್ನು ತೆರೆದು ಒಂದು ಪ್ಯಾಕೇಜ್ ಅಪ್‌ಡೇಟ್ ಮಾಡಿ ಹಂಚಿದರೆ, ಮೂರು ತಿಂಗಳ ಹೊತ್ತಿಗೆ ಯಾರ ಬಳಿಯಲ್ಲಿ ಯಾವ ಆವೃತ್ತಿಯಿದೆ ಎಂದು ಯಾರಿಗೂ ಹೇಳಲಾಗದು. ಡಿಸ್ಕಿನ ಗಾತ್ರವೂ ದಾರಿಯಲ್ಲಿ ಅಷ್ಟಿಷ್ಟು ಬದಲಾಗಿರಬಹುದು.

ಮಾಸ್ಟರ್ ರಾ ಆಗಿರಲಿ ಅಥವಾ ಸ್ನ್ಯಾಪ್‌ಶಾಟ್ ಇಲ್ಲದ, ಯಾವ ಮೂಲಕ್ಕೂ ಅಂಟಿಕೊಳ್ಳದ ಕ್ಯೂಕೌ2 ಆಗಿರಲಿ. ಅದನ್ನು ಕಟ್ಟುವ ಸ್ಕ್ರಿಪ್ಟ್ ಒಂದಿರಲಿ. ಪ್ಯಾಕರ್‌ನಂತಹ ಸಾಧನ ಈ ಕೆಲಸಕ್ಕೆಂದೇ ಇದೆ. ಬದಲಾವಣೆ ಬೇಕಾದಾಗ ಮಾಸ್ಟರನ್ನು ಹೊಸದಾಗಿ ಕಟ್ಟಿ, ಅದರಿಂದ ವಿಎಂಡಿಕೆ, ವಿಎಚ್‌ಡಿ, ವಿಎಚ್‌ಡಿಎಕ್ಸ್, ವಿಡಿಐಗಳನ್ನು ಮತ್ತೆ ತೆಗೆಯಿರಿ. ಮಾಸ್ಟರ್ ಡಿಸ್ಕಿನ ಗಾತ್ರ ಜಿಬಿಯ ಪೂರ್ಣ ಸಂಖ್ಯೆಯಲ್ಲಿರಲಿ. ಇದು ಚಿಕ್ಕ ವಿಷಯವೆನಿಸಬಹುದು, ಆದರೆ ಮುಂದೆ ಕ್ಲೌಡ್‌ಗೆ ಏರಿಸುವಾಗ ಬರುವ ಹಲವು ತಕರಾರುಗಳನ್ನು ಅದು ಮೊದಲೇ ತಪ್ಪಿಸುತ್ತದೆ.

ಪರಿವರ್ತನೆ ಮಾಡುವುದು ಹೇಗೆ?

ಕ್ಯೂಎಮು ಜೊತೆಗೆ ಬರುವ ಕ್ಯೂಎಮು-ಐಎಂಜಿ ಎಂಬ ಸಾಧನ ಬಹುತೇಕ ಎಲ್ಲ ದಿಕ್ಕಿನ ಪರಿವರ್ತನೆಯನ್ನೂ ಮಾಡುತ್ತದೆ. ಅದರ ಕನ್ವರ್ಟ್ ಆಜ್ಞೆಗೆ ಮೂಲದ ಫಾರ್ಮ್ಯಾಟನ್ನು ಸಣ್ಣ ಎಫ್ ಆಯ್ಕೆಯಿಂದಲೂ ಬೇಕಾದ ಫಾರ್ಮ್ಯಾಟನ್ನು ದೊಡ್ಡ ಓ ಆಯ್ಕೆಯಿಂದಲೂ ತಿಳಿಸಬೇಕು. ಸಣ್ಣ ಪಿ ಸೇರಿಸಿದರೆ ಕೆಲಸ ಎಷ್ಟು ಮುಗಿದಿದೆ ಎಂದು ತೋರಿಸುತ್ತದೆ. ವಿಎಚ್‌ಡಿಗೆ ಅದು ಬಳಸುವ ಹೆಸರು ವಿಪಿಸಿ, ಹಳೆಯ ವರ್ಚುವಲ್ ಪಿಸಿಯ ನೆನಪಿಗೆ. ವಿಎಚ್‌ಡಿ ಎಂದು ಬರೆದರೆ ಅದಕ್ಕೆ ಗೊತ್ತಾಗುವುದಿಲ್ಲ. ಹೈಪರ್-ವಿ ಬಳಸುವವರಿಗೆ ಪವರ್‌ಶೆಲ್‌ನ ಕನ್ವರ್ಟ್-ವಿಎಚ್‌ಡಿ, ವರ್ಚುವಲ್‌ಬಾಕ್ಸ್‌ನವರಿಗೆ ವಿಬಾಕ್ಸ್‌ಮ್ಯಾನೇಜ್‌ನ ಕ್ಲೋನ್‌ಮೀಡಿಯಂ, ಇಎಸ್‌ಎಕ್ಸ್‌ಐ ಒಳಗೆ ವಿಎಂಕೆಎಫ್‌ಎಸ್‌ಟೂಲ್ಸ್ ಇವೆ.

ಪರಿವರ್ತನೆಗೆ ಮುಂಚೆ ಮಷೀನನ್ನು ಪೂರ್ತಿಯಾಗಿ ಆಫ್ ಮಾಡಿ. ಕ್ಯೂಎಮು 2.10ರಿಂದ ಚಾಲನೆಯಲ್ಲಿರುವ ಇಮೇಜಿಗೆ ಬೀಗವಿರುವುದರಿಂದ ಕ್ಯೂಎಮು-ಐಎಂಜಿ ಅದನ್ನು ಮುಟ್ಟಲು ನಿರಾಕರಿಸುತ್ತದೆ. ಆ ಬೀಗವನ್ನು ಮೀರುವ ಆಯ್ಕೆಯೂ ಇದೆ, ಆದರೆ ಅದನ್ನು ಬಳಸಿ ತೆಗೆದ ಪ್ರತಿಯಲ್ಲಿ ಅರ್ಧ ಬರೆದ ಫೈಲ್‌ಸಿಸ್ಟಂ ಸಿಗಬಹುದು. ವಿಂಡೋಸ್ ಗೆಸ್ಟ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಚಾಲ್ತಿಯಲ್ಲಿದ್ದರೆ ಶಟ್‌ಡೌನ್ ಎಂದರೂ ಅದು ಅರೆನಿದ್ರೆಗೆ ಹೋಗಿರುತ್ತದೆ. ಮೊದಲು ಅದನ್ನು ನಿಲ್ಲಿಸಿ.

ಫೈಲ್‌ನ ಹೆಸರಿನ ಕೊನೆಯನ್ನು ಮಾತ್ರ ಬದಲಾಯಿಸಿದರೆ ಆಗದೇ?

ಆಗದು. ಒಳಗಿನ ರಚನೆ ಹಾಗೆಯೇ ಇರುತ್ತದೆ. ಅಪರಿಚಿತ ಫೈಲ್ ಏನೆಂದು ತಿಳಿಯಬೇಕಿದ್ದರೆ ಕ್ಯೂಎಮು-ಐಎಂಜಿಯ ಇನ್ಫೋ ಆಜ್ಞೆಯಿಂದ ನೋಡಿ.

ಇಎಸ್‌ಎಕ್ಸ್‌ಐನಿಂದ ವಿಎಂಡಿಕೆ ಇಳಿಸಿಕೊಂಡೆ, ಅದು ಬರೀ ಒಂದು ಕೆಬಿಯಷ್ಟಿದೆ. ಡಿಸ್ಕ್ ಎಲ್ಲಿ ಹೋಯಿತು?

ನಿಮ್ಮ ಕೈಯಲ್ಲಿರುವುದು ವಿವರಣೆಯ ಫೈಲ್ ಮಾತ್ರ. ಇಎಸ್‌ಎಕ್ಸ್‌ಐನಲ್ಲಿ ಒಂದು ಡಿಸ್ಕಿಗೆ ಎರಡು ಫೈಲ್‌ಗಳಿರುತ್ತವೆ: ಒಂದು ಚಿಕ್ಕ ಪಠ್ಯ ಫೈಲ್, ಇನ್ನೊಂದು ಹೆಸರಿನ ಕೊನೆಯಲ್ಲಿ ಫ್ಲ್ಯಾಟ್ ಎಂದಿರುವ ದೊಡ್ಡ ಫೈಲ್. ಚಿಕ್ಕದನ್ನು ಯಾವುದಾದರೂ ಎಡಿಟರ್‌ನಲ್ಲಿ ತೆರೆದರೆ ಕೆಲವೇ ಸಾಲುಗಳು ಕಾಣುತ್ತವೆ. ಸಿಐಡಿ ಎಂಬ ಗುರುತು ಸಂಖ್ಯೆ ಒಂದು ಸಾಲು. ಪೇರೆಂಟ್ ಸಿಐಡಿ ಇನ್ನೊಂದು, ಅದರಲ್ಲಿ ಎಂಟು ಎಫ್‌ಗಳಿದ್ದರೆ ಈ ಡಿಸ್ಕಿಗೆ ಮೂಲ ಡಿಸ್ಕ್ ಬೇರೆ ಇಲ್ಲ ಎಂದರ್ಥ. ಅದರ ಕೆಳಗೆ ಡಿಸ್ಕಿನ ಸೆಕ್ಟರ್‌ಗಳ ಸಂಖ್ಯೆಯೂ ಫ್ಲ್ಯಾಟ್ ಫೈಲ್‌ನ ಹೆಸರೂ ಇರುವ ಸಾಲು: 40 ಜಿಬಿ ಡಿಸ್ಕಾದರೆ 83886080 ಎಂದಿರುತ್ತದೆ, 512 ಬೈಟ್‌ನ ಸೆಕ್ಟರ್‌ಗಳ ಲೆಕ್ಕದಲ್ಲಿ. ಎರಡೂ ಫೈಲ್‌ಗಳನ್ನು ಒಂದೇ ಫೋಲ್ಡರ್‌ನಲ್ಲಿ ಇಟ್ಟು, ಪರಿವರ್ತನೆಗೆ ಚಿಕ್ಕ ಫೈಲ್‌ನ ಹೆಸರನ್ನು ಕೊಡಿ.

ಚಿಕ್ಕ ಫೈಲ್ ಕಳೆದುಹೋಗಿ ಫ್ಲ್ಯಾಟ್ ಮಾತ್ರ ಉಳಿದಿದ್ದರೆ ಗಾಬರಿಯಾಗಬೇಕಿಲ್ಲ. ಫ್ಲ್ಯಾಟ್ ಎಂಬುದು ವಾಸ್ತವವಾಗಿ ರಾ ಇಮೇಜೇ, ಅದನ್ನು ರಾ ಎಂದು ಹೇಳಿ ನೇರವಾಗಿ ಪರಿವರ್ತಿಸಬಹುದು. ಆದರೆ ಪೇರೆಂಟ್ ಸಿಐಡಿಯ ಜಾಗದಲ್ಲಿ ಬೇರೆ ಸಂಖ್ಯೆ ಇದ್ದರೆ, ನಿಮ್ಮ ಬಳಿಯಿರುವುದು ಸ್ನ್ಯಾಪ್‌ಶಾಟ್‌ನ ಮೇಲಿನ ಪದರ ಮಾತ್ರ. ಆಗ ಮೂಲ ಹೈಪರ್‌ವೈಸರ್‌ನಲ್ಲಿಯೇ ಸ್ನ್ಯಾಪ್‌ಶಾಟ್‌ಗಳನ್ನು ಕನ್ಸಾಲಿಡೇಟ್ ಮಾಡಿ, ಎಂದರೆ ಪದರಗಳನ್ನೆಲ್ಲ ಒಂದೇ ಡಿಸ್ಕಿಗೆ ಸೇರಿಸಿ ಬನ್ನಿ.

ವಿಎಚ್‌ಡಿ ತಯಾರಿಸಿ ಅಝೂರ್‌ಗೆ ಏರಿಸಿದರೆ ಗಾತ್ರ ಸರಿಯಿಲ್ಲ ಎನ್ನುತ್ತದೆ. ಏಕೆ?

ಅಝೂರ್‌ಗೆ ಬೇಕಾಗಿರುವುದು ಸ್ಥಿರ ಗಾತ್ರದ ವಿಎಚ್‌ಡಿ, ಮತ್ತು ಡಿಸ್ಕಿನ ಗಾತ್ರ ಕಡ್ಡಾಯವಾಗಿ ಪೂರ್ಣ ಎಂಬಿಗಳಲ್ಲಿರಬೇಕು. ವಿಎಚ್‌ಡಿಎಕ್ಸ್ ಅನ್ನು ಅದು ಒಪ್ಪುವುದಿಲ್ಲ. ಸ್ಥಿರ ವಿಎಚ್‌ಡಿಯ ರಚನೆ ತುಂಬಾ ಸರಳ: ರಾ ಇಮೇಜ್, ಅದರ ಕೊನೆಗೆ 512 ಬೈಟ್‌ನ ಒಂದು ಅಡಿಬರಹ. 30 ಜಿಬಿ ಡಿಸ್ಕೆಂದರೆ 32212254720 ಬೈಟ್. ಸ್ಥಿರ ವಿಎಚ್‌ಡಿ ಫೈಲ್ ಅದಕ್ಕಿಂತ ಸರಿಯಾಗಿ 512 ಹೆಚ್ಚು, 32212255232 ಬೈಟ್. ಆ ಅಡಿಬರಹದ ಆರಂಭದಲ್ಲಿ ಕನೆಕ್ಟಿಕ್ಸ್ ಕಂಪನಿಯ ಹೆಸರು ಎಂಟು ಬೈಟ್‌ಗೆ ಹೊಂದುವಂತೆ ಒಂದು ಅಕ್ಷರ ಕಡಿಮೆಯಾಗಿ ಇಂದಿಗೂ ಕೂತಿದೆ.

ತೊಂದರೆ ಬರುವುದು ಇಲ್ಲಿ. ಹಳೆಯ ವರ್ಚುವಲ್ ಪಿಸಿ ಡಿಸ್ಕಿನ ಗಾತ್ರವನ್ನು ಸಿಲಿಂಡರ್, ಹೆಡ್, ಸೆಕ್ಟರ್‌ಗಳ ಗುಣಲಬ್ಧವಾಗಿ ಲೆಕ್ಕ ಹಾಕುತ್ತಿತ್ತು. ಅದರೊಂದಿಗೆ ಹೊಂದಿಕೊಳ್ಳಲೆಂದು ಕ್ಯೂಎಮು-ಐಎಂಜಿ ಕೂಡ ವಿಎಚ್‌ಡಿ ಮಾಡುವಾಗ ಗಾತ್ರವನ್ನು ಆ ಲೆಕ್ಕಕ್ಕೆ ಸರಿಯಾಗುವಂತೆ ಸ್ವಲ್ಪ ಏರಿಸುತ್ತದೆ, ಪೂರ್ಣ ಎಂಬಿಯಲ್ಲಿದ್ದ ಡಿಸ್ಕ್ ಹಾಗಿಲ್ಲದಂತಾಗುತ್ತದೆ. ಫೋರ್ಸ್ ಸೈಜ್ ಎಂಬ ಆಯ್ಕೆಯನ್ನು ಸೇರಿಸಿದರೆ ಮೂಲದ ಗಾತ್ರ ಹಾಗೆಯೇ ಉಳಿಯುತ್ತದೆ. ಅದರ ಜೊತೆಗೆ ಉಪಮಾದರಿ ಫಿಕ್ಸ್‌ಡ್ ಎಂದೂ ಹೇಳಬೇಕು. ಮೊದಲು ರಾ ಇಮೇಜನ್ನು ಮುಂದಿನ ಪೂರ್ಣ ಎಂಬಿಗೆ ಏರಿಸಿ, ಆಮೇಲೆ ಪರಿವರ್ತಿಸಿ.

ಗೂಗಲ್ ಕ್ಲೌಡ್‌ನ ನಿಯಮ ಬೇರೆ. ಅಲ್ಲಿಗೆ ಕೈಯಾರೆ ಇಮೇಜ್ ಏರಿಸುವಾಗ ರಾ ಫೈಲ್‌ನ ಹೆಸರು ಡಿಸ್ಕ್ ಡಾಟ್ ರಾ ಎಂದೇ ಇರಬೇಕು, ಗಾತ್ರ ಪೂರ್ಣ ಜಿಬಿಯಲ್ಲಿರಬೇಕು, ಟಾರ್ ಮಾಡಿ ಜಿಝಿಪ್‌ನಿಂದ ಕುಗ್ಗಿಸಬೇಕು. ಅಮೆಜಾನ್‌ನ ಆಮದು ಸೇವೆ ರಾ, ವಿಎಂಡಿಕೆ, ವಿಎಚ್‌ಡಿ, ಒವಿಎ ಇವೆಲ್ಲವನ್ನೂ ತೆಗೆದುಕೊಳ್ಳುತ್ತದೆ.

ಫಾರ್ಮ್ಯಾಟನ್ನು ಹೈಪರ್‌ವೈಸರ್ ತಾನೇ ಗುರುತಿಸಿಕೊಳ್ಳಲಿ ಎಂದು ಬಿಟ್ಟರೆ ಏನು ಅಪಾಯ?

ಗಂಭೀರ ಅಪಾಯವಿದೆ. ರಾ ಡಿಸ್ಕಿನ ಮೊದಲ ಸೆಕ್ಟರ್ ಪೂರ್ತಿಯಾಗಿ ಗೆಸ್ಟ್‌ನ ಹಿಡಿತದಲ್ಲಿರುತ್ತದೆ. ಗೆಸ್ಟ್‌ನೊಳಗಿನ ದುರುದ್ದೇಶಿ ಬಳಕೆದಾರನೊಬ್ಬ ಅಲ್ಲಿ ಕ್ಯೂಕೌ2 ಹೆಡರನ್ನು ಬರೆದು, ಅದರ ಮೂಲ ಇಮೇಜ್ ಎಂಬ ಜಾಗದಲ್ಲಿ ಹೋಸ್ಟ್‌ನ ಪಾಸ್‌ವರ್ಡ್ ಫೈಲ್‌ನ ಹೆಸರನ್ನು ಕೊಡಬಹುದು. ಮುಂದಿನ ಸಲ ಮಷೀನ್ ಶುರುವಾಗುವಾಗ ಹೋಸ್ಟ್ ಫೈಲ್‌ನ ತಲೆ ನೋಡಿ ಇದು ಕ್ಯೂಕೌ2 ಎಂದು ತೀರ್ಮಾನಿಸಿದರೆ, ಹೋಸ್ಟ್‌ನ ಆ ಫೈಲ್ ಗೆಸ್ಟ್‌ಗೆ ಡಿಸ್ಕಾಗಿ ಕಾಣಿಸುತ್ತದೆ. ಇದನ್ನು ತಡೆಯಲೆಂದೇ ಲಿಬ್‌ವರ್ಟ್ ತಾನಾಗಿ ಗುರುತಿಸುವುದನ್ನು ಬಿಟ್ಟಿದೆ, ಕ್ಯೂಎಮು 6.1ರಿಂದ ಮೂಲ ಇಮೇಜಿನ ಫಾರ್ಮ್ಯಾಟ್ ಹೇಳದೆ ಅದರ ಮೇಲೆ ಪದರವನ್ನು ಸೃಷ್ಟಿಸಲು ಕೂಡ ಬರುವುದಿಲ್ಲ.

ಹೊರಗಿನವರು ಕೊಟ್ಟ ಇಮೇಜ್‌ಗಳಲ್ಲಿಯೂ ಇದೇ ಬಗೆಯ ಅಪಾಯ ಇರುತ್ತದೆ. ಕ್ಲೌಡ್ ನಡೆಸಲು ಬಳಸುವ ಓಪನ್‌ಸ್ಟ್ಯಾಕ್ ತಂತ್ರಾಂಶದಲ್ಲಿ ಪತ್ತೆಯಾದ ಸಿವಿಇ-2022-47951 ಎಂಬ ದೋಷ, ಮೇಲೆ ವಿವರಿಸಿದ ವಿಎಂಡಿಕೆಯ ಚಿಕ್ಕ ಫೈಲ್‌ನಲ್ಲಿ ಫ್ಲ್ಯಾಟ್ ಫೈಲ್‌ನ ಜಾಗಕ್ಕೆ ಸರ್ವರ್‌ನ ಬೇರೆ ಫೈಲ್‌ನ ಹೆಸರನ್ನು ತುಂಬುವುದರಿಂದ ಆಗುತ್ತಿತ್ತು. 2024ರ ಸಿವಿಇ-2024-32498ರಲ್ಲಿ ಕ್ಯೂಕೌ2ರ ಹೊರಗಿನ ಡೇಟಾ ಫೈಲ್ ಎಂಬ ಸೌಲಭ್ಯ ಅದೇ ಕೆಲಸಕ್ಕೆ ಬಳಕೆಯಾಯಿತು. ಆದ್ದರಿಂದ ಬಳಕೆದಾರರಿಂದ ಇಮೇಜ್ ಸ್ವೀಕರಿಸುವ ವ್ಯವಸ್ಥೆ ನಿಮ್ಮದಾಗಿದ್ದರೆ, ಅವರು ಹೇಳಿದ ಫಾರ್ಮ್ಯಾಟ್ ಮತ್ತು ಫೈಲ್‌ನೊಳಗಿನ ಫಾರ್ಮ್ಯಾಟ್ ಎರಡೂ ಒಂದೇ ಎಂದು ಖಚಿತಪಡಿಸಿಕೊಳ್ಳಿ, ಬೇರೆ ಫೈಲ್‌ಗೆ ಕೈ ತೋರಿಸುವ ಯಾವ ಇಮೇಜನ್ನೂ ತಿರಸ್ಕರಿಸಿ, ಪರೀಕ್ಷೆಯನ್ನು ಅಧಿಕಾರವಿಲ್ಲದ ಪ್ರತ್ಯೇಕ ಬಳಕೆದಾರನ ಹೆಸರಿನಲ್ಲಿ ನಡೆಸಿ. ಹಲವು ಫಾರ್ಮ್ಯಾಟ್‌ಗಳಿಗೆ ಬೆಂಬಲ ಕೊಡುವುದೆಂದರೆ ದಾಳಿಗೆ ಅಷ್ಟೂ ದಾರಿಗಳನ್ನು ತೆರೆದಂತೆ. ಬೇಡದ ಫಾರ್ಮ್ಯಾಟನ್ನು ಒಪ್ಪದಿರುವುದೇ ಒಂದು ರಕ್ಷಣೆ.

ಸ್ನ್ಯಾಪ್‌ಶಾಟ್‌ಗಳೂ ಪರಿವರ್ತನೆಯಾಗುತ್ತವೆಯೇ?

ಇಲ್ಲ. ಪರಿವರ್ತನೆಯ ಕೊನೆಗೆ ಸಿಗುವುದು ಡಿಸ್ಕಿನ ಒಂದೇ ಸ್ಥಿತಿ. ಕ್ಯೂಕೌ2 ಒಳಗಿನ ಹಳೆಯ ಸ್ನ್ಯಾಪ್‌ಶಾಟ್ ಬೇಕಿದ್ದರೆ ಅದನ್ನು ಹೆಸರಿಸಿ ಪ್ರತ್ಯೇಕ ಫೈಲ್ ಆಗಿ ತೆಗೆಯಬಹುದು.

ಪರಿವರ್ತನೆ ದೋಷವಿಲ್ಲದೆ ಮುಗಿಯಿತು, ಆದರೆ ಮಷೀನ್ ಬೂಟ್ ಆಗುತ್ತಿಲ್ಲ. ಇಮೇಜ್ ಕೆಟ್ಟಿದೆಯೇ?

ಬಹುಪಾಲು ಸಂದರ್ಭಗಳಲ್ಲಿ ಇಮೇಜ್ ಸರಿಯಾಗಿಯೇ ಇರುತ್ತದೆ. ಅದರ ಸುತ್ತಲಿನ ಯಂತ್ರ ಬದಲಾಗಿರುತ್ತದೆ, ಒಳಗಿರುವ ಆಪರೇಟಿಂಗ್ ಸಿಸ್ಟಂ ಅದಕ್ಕೆ ಸಿದ್ಧವಾಗಿರುವುದಿಲ್ಲ.

ಮೊದಲು ಫರ್ಮ್‌ವೇರ್ ನೋಡಿ. ಯುಇಎಫ್‌ಐನಲ್ಲಿ ಇನ್‌ಸ್ಟಾಲ್ ಆದ ಡಿಸ್ಕನ್ನು ಬಯೋಸ್ ಮಷೀನಿಗೆ ಹಾಕಿದರೆ ಬೂಟ್ ಡಿಸ್ಕೇ ಇಲ್ಲ ಎಂಬ ಸಂದೇಶ ಬರುತ್ತದೆ. ಹೈಪರ್-ವಿಯಲ್ಲಿ ಮೊದಲ ಪೀಳಿಗೆ ಎಂದರೆ ಬಯೋಸ್, ಎರಡನೆಯದೆಂದರೆ ಯುಇಎಫ್‌ಐ; ಮಷೀನ್ ರಚಿಸಿದ ಮೇಲೆ ಪೀಳಿಗೆಯನ್ನು ಬದಲಾಯಿಸಲು ಬರುವುದಿಲ್ಲ. ಎರಡೂ ಕಡೆ ಯುಇಎಫ್‌ಐ ಇದ್ದರೂ ತೊಂದರೆ ಬರಬಹುದು, ಏಕೆಂದರೆ ಬೂಟ್ ನಮೂದುಗಳಿರುವುದು ಡಿಸ್ಕಿನಲ್ಲಲ್ಲ, ಮಷೀನಿನ ಎನ್‌ವಿರ್ಯಾಮ್‌ನಲ್ಲಿ, ಎಂದರೆ ಫರ್ಮ್‌ವೇರ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಮೆಮೊರಿಯಲ್ಲಿ. ಹೊಸ ಮಷೀನಿನಲ್ಲಿ ಅದು ಖಾಲಿಯಾಗಿರುತ್ತದೆ. ಇಎಫ್‌ಐ ಪಾರ್ಟಿಷನ್‌ನಲ್ಲಿ ಡೀಫಾಲ್ಟ್ ಹೆಸರಿನ ಬೂಟ್ ಫೈಲ್ ಇದ್ದರೆ ಅದು ತಾನಾಗಿ ಏಳುತ್ತದೆ, ಇಲ್ಲದಿದ್ದರೆ ಫರ್ಮ್‌ವೇರ್ ಮೆನುವಿನಿಂದ ಬೂಟ್‌ಲೋಡರನ್ನು ನಾವೇ ತೋರಿಸಬೇಕು.

ಎರಡನೆಯದು ಡಿಸ್ಕ್ ಕಂಟ್ರೋಲರ್‌ನ ಡ್ರೈವರ್. ವಿಂಡೋಸ್ ನೀಲಿ ಪರದೆಯ ಮೇಲೆ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂದು ತೋರಿಸಿ ನಿಂತರೆ, ಕೆವಿಎಂ ಗೆಸ್ಟ್‌ಗೆ ಕೊಡುವ ವರ್ಟ್‌ಐಒ ಎಂಬ ವರ್ಚುವಲ್ ಸಾಧನಗಳ ಡ್ರೈವರ್ ಇಲ್ಲವೆಂದು ತಿಳಿಯಿರಿ. ಇದಕ್ಕೊಂದು ನೆಮ್ಮದಿಯ ದಾರಿಯಿದೆ: ಮುಖ್ಯ ಡಿಸ್ಕನ್ನು ಸದ್ಯಕ್ಕೆ ಸಾಟಾ ಎಂದು ಜೋಡಿಸಿ, ಒಂದು ಜಿಬಿಯ ಖಾಲಿ ಡಿಸ್ಕನ್ನು ವರ್ಟ್‌ಐಒ ಮೂಲಕ ಸೇರಿಸಿ ಬೂಟ್ ಮಾಡಿ, ವರ್ಟ್‌ಐಒ-ವಿನ್ ಐಎಸ್‌ಒದಿಂದ ಡ್ರೈವರ್ ಹಾಕಿ, ವಿಂಡೋಸ್ ಆ ಖಾಲಿ ಡಿಸ್ಕನ್ನು ಗುರುತಿಸಿದ ನಂತರ ಆಫ್ ಮಾಡಿ ಮುಖ್ಯ ಡಿಸ್ಕನ್ನು ವರ್ಟ್‌ಐಒಗೆ ಬದಲಾಯಿಸಿ. ಲಿನಕ್ಸ್‌ನಲ್ಲಿ ಡ್ರೈವರ್ ಕರ್ನೆಲ್ ಜೊತೆಗೇ ಬಂದಿರುತ್ತದೆ, ಆದರೆ ಬೂಟ್‌ನ ಆರಂಭದಲ್ಲಿ ಮೆಮೊರಿಗೆ ಬರುವ ಇನಿಟ್‌ರ್ಯಾಮ್‌ಎಫ್‌ಎಸ್ ಎಂಬ ಪುಟ್ಟ ಫೈಲ್‌ಸಿಸ್ಟಂನೊಳಗೆ ಇಲ್ಲದಿರಬಹುದು. ರೆಡ್ ಹ್ಯಾಟ್ ಬಳಗದ ವಿತರಣೆಗಳಲ್ಲಿ ಅದನ್ನು ಕಟ್ಟುವ ಡ್ರೇಕಟ್ ಎಂಬ ಸಾಧನ ಆಗ ಇದ್ದ ಯಂತ್ರಕ್ಕೆ ಬೇಕಾದಷ್ಟೇ ಡ್ರೈವರ್‌ಗಳನ್ನು ತುಂಬಿರುತ್ತದೆ. ಹಳೆಯ ಹೈಪರ್‌ವೈಸರ್‌ನಲ್ಲಿ ಇರುವಾಗಲೇ ವರ್ಟ್‌ಐಒ ಡ್ರೈವರ್‌ಗಳನ್ನು ಸೇರಿಸಿ ಇನಿಟ್‌ರ್ಯಾಮ್‌ಎಫ್‌ಎಸ್ ಮರುನಿರ್ಮಿಸಿ ಬರುವುದು ಒಳ್ಳೆಯದು. ಮರೆತಿದ್ದರೆ ಗ್ರಬ್ ಮೆನುವಿನಲ್ಲಿ ರೆಸ್ಕ್ಯೂ ಕರ್ನೆಲ್ ಆರಿಸಿ. ಅದರಲ್ಲಿ ಎಲ್ಲ ಡ್ರೈವರ್‌ಗಳೂ ಇರುತ್ತವೆ.

ಬೂಟ್ ಆದ ಮೇಲೂ ಎರಡು ವಿಷಯ ನೋಡಬೇಕು. ಡಿಸ್ಕ್‌ಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಎಸ್‌ಡಿಎ ಎಂದು ಬರೆದಿದ್ದರೆ ವರ್ಟ್‌ಐಒ ಡಿಸ್ಕ್ ವಿಡಿಎ ಆಗಿ ಬಂದಾಗ ಅದು ಸಿಗುವುದಿಲ್ಲ, ಯುಯುಐಡಿ ಎಂಬ ಬದಲಾಗದ ಗುರುತು ಸಂಖ್ಯೆ ಬಳಸಿ. ನೆಟ್‌ವರ್ಕ್ ಕಾರ್ಡಿನ ಹೆಸರೂ ಬದಲಾಗಿರುವುದರಿಂದ ಸ್ಥಿರ ಐಪಿಯ ಸೆಟ್ಟಿಂಗ್ ಹಳೆಯ ಹೆಸರಿಗೆ ಅಂಟಿಕೊಂಡಿರುತ್ತದೆ. ಕನ್ಸೋಲ್ ಪಾಸ್‌ವರ್ಡ್ ಕೈಯಲ್ಲಿಲ್ಲದೆ ಎಸ್‌ಎಸ್‌ಎಚ್ ಒಂದನ್ನೇ ನಂಬಿಕೊಂಡು ಹೊರಡಬೇಡಿ. ವಿಂಡೋಸ್ ಡಿಸ್ಕಿಗೆ ಬಿಟ್‌ಲಾಕರ್ ಇದ್ದರೆ ಅದರ ಕೀಲಿಯನ್ನು ಕಾಯುವ ವರ್ಚುವಲ್ ಟಿಪಿಎಂ ಡಿಸ್ಕಿನ ಜೊತೆ ಬರುವುದಿಲ್ಲ, ರಿಕವರಿ ಕೀ ಮೊದಲೇ ತೆಗೆದಿಟ್ಟುಕೊಳ್ಳಿ.

ವಿಎಂವೇರ್‌ನಿಂದ ಕೆವಿಎಂಗೆ ಬರುವವರಿಗೆ ವರ್ಟ್-ವಿ2ವಿ ಎಂಬ ಸಾಧನ ಈ ಪೈಕಿ ಬಹಳಷ್ಟನ್ನು ತಾನೇ ಮಾಡುತ್ತದೆ: ಡಿಸ್ಕನ್ನು ಪರಿವರ್ತಿಸುವುದರ ಜೊತೆಗೆ ಗೆಸ್ಟ್‌ನೊಳಗೆ ಹೋಗಿ ಡ್ರೈವರ್ ಮತ್ತು ಬೂಟ್ ಸೆಟ್ಟಿಂಗ್‌ಗಳನ್ನೂ ತಿದ್ದುತ್ತದೆ. ಹತ್ತಾರು ಮಷೀನ್‌ಗಳಿದ್ದರೆ ಕೈಯಾರೆ ಮಾಡಲು ಹೋಗದೆ ಅದನ್ನೇ ಬಳಸಿ.

ಒವಿಎ ಕೂಡ ಡಿಸ್ಕ್ ಫಾರ್ಮ್ಯಾಟೇ?

ಅಲ್ಲ, ಅದೊಂದು ಟಾರ್ ಫೈಲ್. ಡಿಎಂಟಿಎಫ್ ಸಂಸ್ಥೆಯ ಒವಿಎಫ್ ಮಾನದಂಡದಂತೆ ಮಷೀನಿನ ವಿವರವಿರುವ ಎಕ್ಸ್‌ಎಂಎಲ್ ಮತ್ತು ಡಿಸ್ಕ್‌ಗಳು ಅದರಲ್ಲಿರುತ್ತವೆ. ಡಿಸ್ಕ್ ಸಾಮಾನ್ಯವಾಗಿ ಸ್ಟ್ರೀಮ್ ಆಪ್ಟಿಮೈಸ್ಡ್ ಎಂಬ ಸಂಕುಚಿತ ವಿಎಂಡಿಕೆ. ಟಾರ್‌ನಿಂದ ಬಿಡಿಸಿ ಆ ವಿಎಂಡಿಕೆಯನ್ನು ಪರಿವರ್ತಿಸಿದರೆ ಆಯಿತು. ಆ ಉಪಮಾದರಿ ಸಾಗಣೆಗೆ ಮಾತ್ರ, ಅದರ ಮೇಲೆ ಮಷೀನ್ ನಡೆಸಲು ಪ್ರಯತ್ನಿಸಬೇಡಿ.

ಗೆಸ್ಟ್‌ನೊಳಗೆ 15 ಜಿಬಿ ಮಾತ್ರ ಬಳಕೆಯಲ್ಲಿದೆ, ಪರಿವರ್ತಿತ ಫೈಲ್ 80 ಜಿಬಿ ಇದೆ. ಕಿರಿದು ಮಾಡುವುದು ಹೇಗೆ?

ಗೆಸ್ಟ್ ಅಳಿಸಿದ ಫೈಲ್‌ಗಳ ದತ್ತಾಂಶ ಡಿಸ್ಕಿನ ಮೇಲೆ ಹಾಗೆಯೇ ಉಳಿದಿರುತ್ತದೆ, ಪರಿವರ್ತಿಸುವ ಸಾಧನಕ್ಕೆ ಅದು ಬೇಡದ್ದೆಂದು ತಿಳಿಯುವ ಬಗೆಯಿಲ್ಲ. ಹೈಪರ್‌ವೈಸರ್‌ನಲ್ಲಿ ಡಿಸ್ಕಾರ್ಡ್ ಸೌಲಭ್ಯ ಆನ್ ಮಾಡಿ ಲಿನಕ್ಸ್ ಗೆಸ್ಟ್‌ನಲ್ಲಿ ಎಫ್‌ಎಸ್‌ಟ್ರಿಮ್ ಓಡಿಸಿ. ಅದು ಸಾಧ್ಯವಿಲ್ಲದಿದ್ದರೆ ಖಾಲಿ ಜಾಗವನ್ನು ಸೊನ್ನೆಗಳಿಂದ ತುಂಬಿಸಿ, ವಿಂಡೋಸ್‌ನಲ್ಲಿ ಇದಕ್ಕೆ ಎಸ್‌ಡಿಲೀಟ್ ಇದೆ. ಆಮೇಲೆ ಪರಿವರ್ತಿಸಿದರೆ ಸೊನ್ನೆಗಳಿರುವ ಭಾಗಗಳು ಜಾಗ ಹಿಡಿಯುವುದಿಲ್ಲ. ಆಫ್ ಆಗಿರುವ ಇಮೇಜಿಗೆ ವರ್ಟ್-ಸ್ಪಾರ್ಸಿಫೈ ಬಳಸಬಹುದು. ಸ್ಪಾರ್ಸ್ ಆಗಿರುವ, ಎಂದರೆ ಖಾಲಿ ಭಾಗಗಳಿಗೆ ಜಾಗ ಹಿಡಿಯದ, ರಾ ಫೈಲನ್ನು ಎಸ್‌ಸಿಪಿಯಲ್ಲಿ ಕಳಿಸಿದರೆ ಆ ಕಡೆ ಅದು ಪೂರ್ತಿ ಗಾತ್ರಕ್ಕೆ ಹಿಗ್ಗಿಬಿಡುತ್ತದೆ. ಆರ್‌ಸಿಂಕ್‌ಗೆ ಸ್ಪಾರ್ಸ್ ಆಯ್ಕೆ ಕೊಟ್ಟು ಕಳಿಸಿ.

ಕಾಲೇಜಿನ ಲ್ಯಾಬ್‌ನಲ್ಲಿ ಒಂದು ವಿಡಿಐಯನ್ನು ಕಾಪಿ ಮಾಡಿ ಎರಡನೇ ಮಷೀನಿಗೆ ಕೊಟ್ಟರೆ ವರ್ಚುವಲ್‌ಬಾಕ್ಸ್ ಒಪ್ಪುತ್ತಿಲ್ಲ. ಏಕೆ?

ವಿಡಿಐ ಹೆಡರಿನೊಳಗೆ ಒಂದು ಯುಯುಐಡಿ ಇರುತ್ತದೆ, ಸಾಮಾನ್ಯ ಕಾಪಿಯಲ್ಲಿ ಅದೂ ಹಾಗೆಯೇ ನಕಲಾಗುತ್ತದೆ. ಒಂದೇ ಯುಯುಐಡಿಯ ಎರಡು ಡಿಸ್ಕ್‌ಗಳನ್ನು ವರ್ಚುವಲ್‌ಬಾಕ್ಸ್ ಒಂದೇ ಕಂಪ್ಯೂಟರ್‌ನಲ್ಲಿ ನೋಂದಾಯಿಸುವುದಿಲ್ಲ. ಕ್ಲೋನ್‌ಮೀಡಿಯಂನಿಂದ ಪ್ರತಿ ತೆಗೆದರೆ ಹೊಸ ಯುಯುಐಡಿ ಸಿಗುತ್ತದೆ. ಬೇರೆ ಬೇರೆ ಕಂಪ್ಯೂಟರ್‌ಗಳಿಗೆ ಒಂದೊಂದು ಪ್ರತಿ ಹಾಕುವುದಾದರೆ ಈ ತಕರಾರು ಬರುವುದಿಲ್ಲ.

ಪರಿವರ್ತನೆ ಸರಿಯಾಗಿದೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? ಹಳೆಯದನ್ನು ಯಾವಾಗ ಅಳಿಸಬಹುದು?

ಎರಡೂ ಫೈಲ್‌ಗಳ ಚೆಕ್‌ಸಮ್ ಹೋಲಿಸಿ ಪ್ರಯೋಜನವಿಲ್ಲ, ಏಕೆಂದರೆ ಒಳಗಿನ ಡಿಸ್ಕ್ ಒಂದೇ ಆಗಿದ್ದರೂ ಹೊರಗಿನ ರಚನೆ ಬೇರೆ. ಕ್ಯೂಎಮು-ಐಎಂಜಿಯ ಕಂಪೇರ್ ಆಜ್ಞೆ ಗೆಸ್ಟ್‌ಗೆ ಕಾಣುವ ದತ್ತಾಂಶವನ್ನೇ ಹೋಲಿಸುತ್ತದೆ, ಅದನ್ನು ಹೊಸ ಮಷೀನ್ ಬೂಟ್ ಮಾಡುವುದಕ್ಕೆ ಮುಂಚೆಯೇ ಓಡಿಸಬೇಕು. ಒಮ್ಮೆ ಬೂಟ್ ಆದರೆ ಹೊಸ ಡಿಸ್ಕ್ ಬದಲಾಗತೊಡಗುತ್ತದೆ. ಕ್ಯೂಕೌ2 ಆದರೆ ಚೆಕ್ ಆಜ್ಞೆಯಿಂದ ಕೋಷ್ಟಕಗಳನ್ನೂ ಪರಿಶೀಲಿಸಿ.

ಮೊದಲ ಬೂಟನ್ನು ನೆಟ್‌ವರ್ಕ್ ಬಿಚ್ಚಿ ಮಾಡಿ. ಹಳೆಯ ಮಷೀನನ್ನು ಆಫ್ ಮಾಡಿ, ತಾನಾಗಿ ಸ್ಟಾರ್ಟ್ ಆಗುವ ಸೆಟ್ಟಿಂಗ್ ತೆಗೆದುಹಾಕಿ; ಹೋಸ್ಟ್ ರೀಬೂಟ್ ಆದಾಗ ಅದೂ ಎದ್ದರೆ ಒಂದೇ ಐಪಿಯಲ್ಲಿ ಎರಡು ಮಷೀನ್‌ಗಳು ನಿಂತು, ಒಂದಷ್ಟು ದತ್ತಾಂಶ ಅಲ್ಲಿ ಒಂದಷ್ಟು ಇಲ್ಲಿ ಸೇರಿಬಿಡುತ್ತದೆ. ಹೊಸ ಮಷೀನಿನ ಬ್ಯಾಕಪ್ ತೆಗೆದು, ಆ ಬ್ಯಾಕಪ್‌ನಿಂದ ಒಂದು ಸಲ ರಿಸ್ಟೋರ್ ಮಾಡಿ ನೋಡಿ, ತಿಂಗಳ ಕೊನೆಯಲ್ಲಿ ಮಾತ್ರ ಓಡುವ ಲೆಕ್ಕಪತ್ರದ ಕೆಲಸಗಳೂ ಒಂದು ಸುತ್ತು ಮುಗಿಯುವವರೆಗೆ ಹಳೆಯ ಇಮೇಜನ್ನು ಓದಲು ಮಾತ್ರ ಎಂದು ಗುರುತಿಸಿ ಇಟ್ಟಿರಿ.